ಸಾಹುಕಾರರ ಸನ್ನೆ

ಇಳಕಲ್ಲಿನ ಮೀರಾಸಾಬರ ಮನೆಯಲ್ಲಿ ಬೆಲೆಬಾಳುವುದೆಲ್ಲ ಟ್ರೆಜರಿಯಲ್ಲಿರುತ್ತಿತ್ತು. ಟ್ರೆಜರಿ ಎಂದರೆ ಕಬ್ಬಿಣದ ಕಪಾಟು. ಅದರ ಕೀಲಿಕೈ ಸಾಹುಕಾರರ ಅಂಗಿಯ ಒಳಜೇಬಿನಲ್ಲಿ. ಒಳಗೆ ಹೆಂಡತಿ ಲಾಲಬಿಯ ಬಂಗಾರದ ಬೋರಮಾಳ, ಮನೆಯ ಕಾಗದಪತ್ರ, ಹಜ್‌ಗೆ ಹೋದವರು ತಂದುಕೊಟ್ಟ ಅತ್ತರಿನ ಶೀಶೆ, ಅದರ ಪಕ್ಕದಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟ ಮೊಮ್ಮಗಳು ಸಾಯಿಮಾಳ ಕಿವಿ.

ಕಿವಿ ಎಂದರೆ ಕಿವಿಯ ಮಷೀನು. ಹುಡುಗಿಗೆ ಎರಡು ವರ್ಷವಾದಾಗ ಬಾಗಲಕೋಟೆಯ ಶಿಬಿರದಲ್ಲಿ ಪರೀಕ್ಷೆ ಮಾಡಿದ ಡಾಕ್ಟರು ಎರಡೂ ಕಿವಿ ಬಹಳ ಮಂದ ಎಂದು ಹೇಳಿ ಒಂದು ಜೊತೆ ಮಷೀನು ಕೊಟ್ಟಿದ್ದರು. ಎದ್ದಾಗಿನಿಂದ ಮಲಗುವತನಕ ಹಾಕಿರಬೇಕು ಎಂದೂ ಹೇಳಿದ್ದರು. ಆ ಹೊತ್ತಿಗೆ ಮೀರಾಸಾಬರು ಎಲ್ಲಿ ನಿಂತರೆ ಶಿಬಿರದವರು ತೆಗೆಯುವ ಫೋಟೋದಲ್ಲಿ ತಮ್ಮ ಮುಖ ಪೂರ್ತಿ ಬೀಳುತ್ತದೆಂದು ಜಾಗ ನೋಡುತ್ತಿದ್ದುದರಿಂದ, ಮಷೀನು ಕೊಟ್ಟದ್ದು ಕಂಡಿತು, ಹೇಳಿದ್ದು ಕೇಳಿಸಲಿಲ್ಲ.

ದಿನಾ ಹಾಕಿದರೆ ಸವೆಯುವುದಿಲ್ಲವೇ? ಉಡುವುದಕ್ಕೊಂದು, ಹಬ್ಬಕ್ಕೊಂದು ಎಂದು ಮೂವತ್ತು ವರ್ಷ ಸೀರೆ ನೇಯಿಸಿದ ಮನುಷ್ಯನಿಗೆ ಇಷ್ಟೂ ತಿಳಿಯುವುದಿಲ್ಲವೇ? ಹೀಗಾಗಿ ಮಷೀನು ರಂಜಾನಿಗೊಮ್ಮೆ ಹೊರಗೆ ಬರುತ್ತಿತ್ತು, ಬೀಗರು ಬಂದಾಗೊಮ್ಮೆ. ಹೋದ ವರ್ಷ ಹುನಗುಂದದಲ್ಲಿ ನಡೆದ ಮದುವೆಗೂ ಬಂತು. ಕೂಸಿಗೆ ಚೆನ್ನಾಗಿ ಕೇಳಿಸಲಿ ಎಂದು ಮೀರಾಸಾಬರು ಅವಳನ್ನು ಬ್ಯಾಂಡಿನವರ ಪಕ್ಕದಲ್ಲೇ ಕೂರಿಸಿದರು. ಸಾಯಿಮಾ ಕಿಟಾರನೆ ಚೀರಿ, ಮಷೀನು ಕಿತ್ತು ಬೀಗರ ಬಿರಿಯಾನಿ ತಾಟಿಗೆ ಎಸೆದಳು. "ಮಷೀನು ಇಕಿಗೆ ಒಗ್ಗೂದಿಲ್ಲ" ಎಂದು ಅಲ್ಲೇ ತೀರ್ಪಾಯಿತು. ಅಂದಿನಿಂದ ಅದು ಅತ್ತರಿನ ಪಕ್ಕ ಸುಖವಾಗಿತ್ತು.

"ಮಾಮಾ, ದಿನಾ ಹಾಕ್ರಿ ಅಂತ ಹೇಳ್ಯಾರಲ್ರಿ," ಎಂದು ಸೊಸೆ ಸುಲ್ತಾನಾ ಒಂದೆರಡು ಸಲ ಹೇಳಿ ನೋಡಿದಳು.

"ಶಾಹಿದ ಮಾತಾಡಿದ್ದೂ ನಾಕ ವರ್ಷಕ್ಕ. ಈಗ ನೋಡು."

ಅದಂತೂ ನಿಜ. ಅವಳ ಗಂಡ ಶಾಹಿದ ಮೊಬೈಲು ಹಿಡಿದನೆಂದರೆ ಎದುರಿನವರೇ ಸುಸ್ತಾಗಿ ಇಡುತ್ತಿದ್ದರು. ಆದರೆ ಸಾಯಿಮಾಗೆ ನಾಲ್ಕು ತುಂಬಿತು. ಬಾಯಿಂದ ಒಂದು ಮಾತೂ ಬರಲಿಲ್ಲ. ತಾಯಿ ಕೈಯಿಂದ ಏನಾದರೂ ತೋರಿಸಿ ಹೇಳಲು ಹೋದರೆ ಮಾವನವರು ಕಣ್ಣು ಕೆಂಪಗೆ ಮಾಡುತ್ತಿದ್ದರು.

"ಕೈ ತಿರುವಬ್ಯಾಡ. ಮಂದಿ ಮೂಕಿ ಅಂತಾರ. ನಾಳೆ ಲಗ್ನಾ ಆಗೂದು ಬ್ಯಾಡೇನು?"

ನಾಲ್ಕು ವರ್ಷದ ಕೂಸಿನ ಲಗ್ನದ ಚಿಂತೆ! ಮಾವ ಒಳಗೆ ಬಂದರೆ ಸುಲ್ತಾನಾ ತನ್ನ ಎರಡೂ ಕೈಗಳನ್ನು ಸೆರಗಿನಲ್ಲಿ ಅಡಗಿಸುತ್ತಿದ್ದಳು. ಹೆತ್ತ ಮಗಳೊಂದಿಗೆ ಮಾತಾಡುವುದಕ್ಕೆ ಕಳ್ಳಿಯಂತೆ ಹೊಂಚಬೇಕಾಗಿತ್ತು.

ಇಷ್ಟಕ್ಕೂ ಮೀರಾಸಾಬರು ದಿನವಿಡೀ ಮಾಡುತ್ತಿದ್ದುದೇನು? ಮನೆಯ ಹಿಂದೆ ಅವರವೇ ನಾಲ್ಕು ಪವರ್‌ಲೂಮ್ ಮಗ್ಗ. ಅವು ಶುರುವಾದರೆ ಪಕ್ಕದಲ್ಲಿ ಗೋಡೆ ಬಿದ್ದರೂ ಕೇಳಿಸದು. ಅಲ್ಲಿ ಬಾಯಿಗೆ ಕೆಲಸವಿಲ್ಲ. ಎರಡು ಬೆರಳು ಕತ್ತರಿಸಿದಂತೆ ಮಾಡಿದರೆ ಎಳೆ ಹರಿದಿದೆ. ಹೆಬ್ಬೆರಳು ಬಾಯಿಗೆ ತಂದರೆ ಚಹಾ. ಮುಷ್ಟಿ ತಿರುವಿದರೆ ಕೀಲಿ ಹಾಕು, ಮನೆಗೆ ನಡಿ. ಸಾಹುಕಾರರೂ ಆ ತುದಿಯಿಂದ ಈ ತುದಿಗೆ ಹೀಗೆಯೇ ಬೈಯುತ್ತಿದ್ದರು. ಆದರೆ ಅದು ಕೈಸನ್ನೆಯಲ್ಲ. ಅದು ಕೆಲಸ.

ಸಾಯಿಮಾ ಬೆಳಗಾದರೆ ಆ ಶೆಡ್ಡಿನಲ್ಲಿ, ಸೀರೆಯ ಗಂಟಿನ ಮೇಲೆ ಕುಳಿತು ಎಲ್ಲರ ಕೈ ನೋಡುತ್ತಿದ್ದಳು. ಅಜ್ಜನನ್ನು ಕಂಡಾಗಲೆಲ್ಲ ಹೊಟ್ಟೆಯ ಮೇಲೆ ಅಂಗೈಯನ್ನು ದುಂಡಗೆ ಆಡಿಸುತ್ತಿದ್ದಳು. ಅಜ್ಜನಿಗೆ ಹೆಮ್ಮೆ. "ಕೂಸು ಉಣ್ಣಾಕ ಗಟ್ಟಿ ಐತಿ. ಹಸ್ತೈತಿ ಅದಕ್ಕ, ಬಾಳಿಹಣ್ಣ ಕೊಡ್ರಿ" ಎಂದು ಕೂಗುತ್ತಿದ್ದರು. ಲಾಲಬಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೇ ಹಣ್ಣು ತಂದುಕೊಡುತ್ತಿದ್ದಳು.

ಒಂದು ಮಂಗಳವಾರ ಬಾಗಲಕೋಟೆಯ ನವನಗರದಿಂದ ಭುವನೇಶ್ವರಿ ಎಂಬ ಟೀಚರು ಬಂದರು. ಕಿವಿ ಕೇಳದ ಸಣ್ಣ ಮಕ್ಕಳ ಮನೆಮನೆಗೆ ಹೋಗಿ ತಾಯಂದಿರಿಗೆ ಕಲಿಸುವುದು ಅವರ ಕೆಲಸ. ಸುಲ್ತಾನಾ ಯಾರಿಗೂ ಹೇಳದೆ ಫೋನು ಮಾಡಿ ಕರೆಸಿದ್ದಳು. ಮೀರಾಸಾಬರು ಟೀಚರನ್ನು ಶೆಡ್ಡಿನ ಬಾಗಿಲಲ್ಲೇ ಕುರ್ಚಿ ಹಾಕಿ ಕೂರಿಸಿದರು, ಮಗ್ಗಗಳು ಕಾಣಲಿ ಎಂದು.

"ಮಷೀನು ದಿನಕ್ಕ ಎಷ್ಟು ತಾಸು ಹಾಕ್ತೀರಿ?" ಟೀಚರು ಸದ್ದಿನ ನಡುವೆ ಕೂಗಿ ಕೇಳಿದರು.

"ಭಾಳ ಜ್ವಾಕಿಲೆ ಇಟ್ಟೇವ್ರಿ! ಒಂದು ಗೀರ ಬಿದ್ದಿಲ್ಲ!"

ಟೀಚರು ಹಣೆ ಒತ್ತಿಕೊಂಡರು. "ಅಜ್ಜಾರ, ಬಾಯಿಲೆ ಆಗ್ಲಿ, ಕೈಲೆ ಆಗ್ಲಿ, ಎರಡೂ ಕೂಡಿ ಆಗ್ಲಿ, ಸಣ್ಣಾಕಿದ್ದಾಗನ ಕೂಸಿಗೆ ಒಂದು ಭಾಷಾ ಪೂರಾ ಸಿಗಬೇಕ್ರಿ. ತಡಾ ಆದಷ್ಟೂ ಓದೂದಷ್ಟ ಅಲ್ಲ, ವಿಚಾರ ಮಾಡೂದೂ ಹಿಂದ ಬೀಳ್ತೈತಿ. ಎರಡು ವರ್ಷ ಹೋಗೇ ಹೋತು. ಮನ್ಯಾಗ ಕೈಲೆ ಮಾತಾಡ್ತೀರೇನು?"

"ನಮ್ಮ ಮನ್ಯಾಗ ಮೂಕರು ಯಾರೂ ಇಲ್ರಿ!" ಎಂದು ಗುಡುಗಿದ ಮೀರಾಸಾಬರು, ಅದೇ ಉಸಿರಿನಲ್ಲಿ ಹೆಬ್ಬೆರಳನ್ನು ಬಾಯಿಗೆ ತಂದು, ಟೀಚರತ್ತ ತೋರಿಸಿ, ಚಿಟಿಕೆ ಹಿಡಿದರು. ದೂರದ ಮಗ್ಗದಲ್ಲಿದ್ದ ಲಕ್ಷ್ಮಣ ತಲೆಯಾಡಿಸಿ, ಒಂದು ಚಹಾ, ಸಕ್ಕರೆ ಕಡಿಮೆ ಎಂದು ಹೇಳಲು ಒಳಗೆ ಹೋಗಿಬಂದ.

ಟೀಚರು ಅದನ್ನು ನೋಡಿ ನಕ್ಕರು. ಅಷ್ಟರಲ್ಲಿ ಸಾಯಿಮಾ ಗಂಟಿನಿಂದಿಳಿದು ಬಂದು ಅವರ ಮುಂದೆ ನಿಂತಳು. ಹೊಟ್ಟೆಯ ಮೇಲೆ ಅಂಗೈ ದುಂಡಗೆ ಆಡಿಸಿದಳು. ತನ್ನ ಕಿವಿ ಮುಟ್ಟಿಕೊಂಡಳು. ಮುಷ್ಟಿ ತಿರುವಿದಳು.

"ಹಸ್ತೈತಿ ಅದಕ್ಕ," ಎಂದರು ಮೀರಾಸಾಬರು. "ಬಾಳಿಹಣ್ಣ ಕೊಡ್ರಿ."

"ಹಸ್ತಿಲ್ರಿ ಮಾಮಾ." ಟೀಚರ ಕುರ್ಚಿಯ ಹಿಂದೆ ನಿಂತಿದ್ದ ಸುಲ್ತಾನಾ ಸೆರಗಿನಿಂದ ಕೈ ಹೊರಗೆ ತೆಗೆದಳು. "ಟೀಚರ್, 'ಹೊಟ್ಟಿ ನನ್ನ ಕಿವೀಗೆ ಕೀಲಿ ಹಾಕೇತಿ' ಅನ್ನಾಕತ್ತಾಳ."

"ಹೊಟ್ಟಿ ಅಂದ್ರ ಯಾರಲೇ, ಲಕ್ಷ್ಮಣ?" ಎಂದು ಮೀರಾಸಾಬರು ಮಗ್ಗಗಳಿಗಿಂತ ಜೋರಾಗಿ ಅರಚುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ನಾಲ್ಕೂ ಮಗ್ಗ ನಿಂತವು. ಪ್ರಶ್ನೆ ಓಣಿಯ ತುದಿಯವರೆಗೆ ಕೇಳಿಸಿತು.

ಲಕ್ಷ್ಮಣ ಕೈಯಲ್ಲಿದ್ದ ಲಾಳಿಯನ್ನು ಒಮ್ಮೆ ಒರೆಸಿದ, ಮತ್ತೆ ಒರೆಸಿದ. "ಅದು ಕೈಸನ್ನಿ ಅಲ್ರಿ, ಸಾಹುಕಾರ್ರ. ಅದು ಕೆಲಸದ್ದು."

"ಕೆಲಸದ್ದಂದ್ರ?"

"ನೀವು ಬರಾಕತ್ತೀರಿ ಅಂತ ಒಬ್ಬರಿಗೊಬ್ಬರು ತಿಳಿಸೂದ್ರಿ."

ಚಹಾ ತಂದಿದ್ದ ಲಾಲಬಿಗೆ ಇನ್ನು ತಡೆಯಲಾಗಲಿಲ್ಲ. "ಇಪ್ಪತ್ತು ವರ್ಷಾತ್ರಿ," ಎಂದು ಗೋಡೆ ಹಿಡಿದು ನಕ್ಕಳು. "ನಿಮಗೊಬ್ಬರಿಗೇ ಗೊತ್ತಿರ್ಲಿಲ್ಲ."

ಮೀರಾಸಾಬರು ತಮ್ಮ ಹೊಟ್ಟೆ ನೋಡಿಕೊಂಡರು. ಮೂವತ್ತು ವರ್ಷದ ಸಾಹುಕಾರಿಕೆಯ ಗುರುತೇನೋ ಅಲ್ಲಿ ಸ್ಪಷ್ಟವಾಗಿಯೇ ಇತ್ತು. ಲಕ್ಷ್ಮಣನನ್ನು ಆ ಕ್ಷಣವೇ ಕೆಲಸದಿಂದ ಬಿಡಿಸುವ ಸಿಟ್ಟು ಬಂತು, ನಾಲಿಗೆಯ ತುದಿಗೂ ಬಂತು. ಆದರೆ ಸಾಯಿಮಾ ಅವರನ್ನೇ ನೋಡುತ್ತ ಮತ್ತೆ ಹೊಟ್ಟೆಯ ಮೇಲೆ ಅಂಗೈ ಆಡಿಸಿದಳು. ಬೆರಳು ಮಡಚಿ, ಬಾ ಎಂದಳು.

ಆಗ ಅವರಿಗೆ ತಿಳಿಯಿತು. ಇಷ್ಟು ದಿನ ಹೊಸ್ತಿಲಲ್ಲಿ, ಅಂಗಳದಲ್ಲಿ, ಊಟದ ಹೊತ್ತಿನಲ್ಲಿ ಮೊಮ್ಮಗಳು ತಮ್ಮನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ತಾವು ಒಮ್ಮೆಯೂ ಓ ಅಂದಿರಲಿಲ್ಲ. ಬಾಳೆಹಣ್ಣು ಕೊಟ್ಟು ಬಾಯಿ ಮುಚ್ಚಿಸಿದ್ದರು. ಮೀರಾಸಾಬರಿಗೆ ನಾಚಿಕೆಯಾಯಿತು, ಹೊಟ್ಟೆಯ ಬಗ್ಗೆ ಅಲ್ಲ.

ಎದ್ದು ಹೋಗಿ ಟ್ರೆಜರಿ ತೆಗೆದು ಮಷೀನು ತಂದರು. ಒಂದು ಗೀರೂ ಬಿದ್ದಿರಲಿಲ್ಲ. ಟೀಚರು ಹಾಕಿ ನೋಡಿದರೆ ಕಿವಿಯೊಳಗೆ ಕೂರುವ ಅಚ್ಚು ಸಡಿಲವಾಗಿ ಜಾರಿ ಬಿತ್ತು. ಕಿವಿ ಬೆಳೆದಿತ್ತು, ಅಚ್ಚು ಬೆಳೆದಿರಲಿಲ್ಲ.

"ನಾಳೆ ಬಾಗಲಕೋಟಿಗೆ ಕರ್ಕೊಂಡು ಬರ್ರಿ, ಹೊಸಾ ಅಚ್ಚು ಮಾಡಿಸೋಣ. ಶೆಡ್ಡಿನ್ಯಾಗ ತೆಗೀರಿ, ಉಳಿದ ಹೊತ್ತು ಕಿವ್ಯಾಗ ಇರ್ಲಿ. ಅಲ್ಲೀತನಕ, ಆಮ್ಯಾಲೂ, ಕೈಲೆ ಮಾತಾಡ್ರಿ. ನಿಮ್ಮ ಶೆಡ್ಡು ಅರ್ಧಾ ಕಲಿಸೇ ಬಿಟ್ಟೈತಿ."

"ನಾನೇ ಬರ್ತೇನ್ರಿ," ಎಂದರು ಮೀರಾಸಾಬರು. ಲಕ್ಷ್ಮಣನತ್ತ ತಿರುಗಿ, "ಇನ್ನ ಮ್ಯಾಲೆ ಆ ಸನ್ನಿ ಸಾಯಿಮಾ ಒಬ್ಬಾಕಿದು. ನೀವೆಲ್ಲ ಬ್ಯಾರೆ ಹುಡುಕ್ರಲೇ" ಎಂದು ಹುಕುಂ ಹೊರಡಿಸಿದರು. ಅವರು ಬೆನ್ನು ತಿರುಗಿಸಿದ್ದೇ ತಡ, ಲಕ್ಷ್ಮಣ ಎರಡೂ ಗಲ್ಲ ಉಬ್ಬಿಸಿ ಹೊಸದನ್ನು ತೋರಿಸಿಯೇಬಿಟ್ಟ.

ಮೀರಾಸಾಬರು ಮೊಮ್ಮಗಳ ಎದುರು ಕಷ್ಟಪಟ್ಟು ನೆಲಕ್ಕೆ ಕುಳಿತರು. ಓಣಿಯ ನಾಲ್ಕೈದು ಮಂದಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನೋಡಲಿ. ಅವರು ತಮ್ಮ ಹೊಟ್ಟೆಯ ಮೇಲೆ ಅಂಗೈ ಇಟ್ಟು, ದುಂಡಗೆ ಆಡಿಸಿ, ಹೂಂ, ನಾನೇ ಎಂದರು.

ಸಾಯಿಮಾ ಅವರನ್ನು ಕಣ್ಣರಳಿಸಿ ನೋಡಿದಳು. ಆಮೇಲೆ ಒಳಗೆ ಓಡಿಹೋಗಿ ಒಂದು ಬಾಳೆಹಣ್ಣು ತಂದು ಅಜ್ಜನ ಕೈಯಲ್ಲಿಟ್ಟಳು.