ಮೊಳಕೆಯ ನಾಲ್ಕನೇ ಪುಟ

ಚಿತ್ರಕತೆಯ ಮೂರನೆಯ ಚೌಕಕ್ಕೆ ಬರುವಷ್ಟರಲ್ಲಿ ಬಿಳಿ ಬಣ್ಣ ಗಟ್ಟಿಯಾಗತೊಡಗಿತ್ತು. ಅವಳು ಕುಂಚದ ತುದಿಯನ್ನು ನೀರಿಗೆ ತಾಗಿಸಿ, ಉಸಿರು ಬಿಗಿಹಿಡಿದು, ಚಿತ್ರದ ಹುಡುಗಿಯ ನೆತ್ತಿಯಲ್ಲಿ ನೆಟ್ಟಗೆ ನಿಂತಿದ್ದ ಎರಡು ಜುಟ್ಟುಗಳ ಮೇಲೆ ಬಣ್ಣ ಎಳೆದಳು. ಜುಟ್ಟು ಹೋಯಿತು. ಹುಡುಗಿ ಈಗ ಯಾರದೋ ಮನೆಯ ಹುಡುಗಿಯಾದಳು. ನಾಲ್ಕು ಪುಟಕ್ಕೆ ಇಪ್ಪತ್ತಾರು ಚೌಕ. ಹುಡುಗಿ ಇಲ್ಲದ ಚೌಕ ಎರಡೇ. ಗ್ರಂಥಾಲಯಕ್ಕೆ ಓದಲು ಹೋದ ಮಗಳು ಬರುವುದು ಒಂದು ಗಂಟೆಗೆ. ಈಗ ಹನ್ನೊಂದೂವರೆ.

ಮಕ್ಕಳ ವಾರಪತ್ರಿಕೆಯೊಂದಕ್ಕೆ ಅವಳು ಇಪ್ಪತ್ತು ವರ್ಷದಿಂದ ಫಿಲ್ಲರ್, ಅಂದರೆ ಖಾಲಿ ಜಾಗ ತುಂಬುವ ಸಣ್ಣ ಚಿತ್ರಕತೆ, ಬರೆಯುತ್ತಿದ್ದಳು. ಮಕ್ಕಳು ಪತ್ರಿಕೆ ಕೊಳ್ಳುತ್ತಿದ್ದುದು ಗಗನವೀರನಿಗಾಗಿ. ಅವನು ಹಾರಿ, ಹೊಡೆದು, ಗೆದ್ದು ಮುಗಿಸಿದ ಮೇಲೆ ಉಳಿದ ಜಾಗ ಇವಳದು: ಒಂದು ವಾರ ಅರ್ಧ ಪುಟ, ಇನ್ನೊಂದು ವಾರ ಎರಡು, ಜಾಹೀರಾತು ಹೆಚ್ಚಾದ ವಾರ ಅದೂ ಇಲ್ಲ. ಅದಕ್ಕೇ ಫಿಲ್ಲರ್‌ಗಳನ್ನು ಮೊದಲೇ ಬರೆದು ಕಚೇರಿಯ ತಗಡಿನ ಬೀರುವಿನಲ್ಲಿ ಪೇರಿಸಿಡುವುದು ರೂಢಿ. ಯಾವುದು ಯಾವಾಗ ಹೊರಗೆ ಬರುತ್ತದೆಂದು ಬರೆದವಳಿಗೂ ತಿಳಿಯದು. ಹರಿದ ಕಡೆ ಹಚ್ಚುವ ತೇಪೆ ನಾನು ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು.

ಬೆಳಿಗ್ಗೆ ಸಂಪಾದಕರು ಫೋನು ಮಾಡಿದ್ದರು. ಗಗನವೀರನ ಕಲಾವಿದರಿಗೆ ಕಣ್ಣಿನ ಶಸ್ತ್ರಚಿಕಿತ್ಸೆ, ಈ ವಾರದ ನಾಲ್ಕು ಪುಟ ಬಂದಿಲ್ಲ. ಬೀರುವಿನ ತಳದಲ್ಲಿ ನಿಮ್ಮದೇ ಹಳೆಯದೊಂದು ಸಿಕ್ಕಿತು, ಸರಿಯಾಗಿ ನಾಲ್ಕೇ ಪುಟ, ದೇವರೇ ಕಳಿಸಿದ ಹಾಗೆ ಎಂದು ಅವರು ಖುಷಿಪಟ್ಟರು. ಯಾವುದು ಎಂದು ಕೇಳಿದಳು. "ಮೊಳಕೇದು. ಅವಳಪ್ಪ ಹಡಗಿನ ಕ್ಯಾಪ್ಟನ್ ಅಂತ ಸುಳ್ಳು ಹೇಳ್ತಾಳಲ್ಲ, ಅದು," ಎಂದರು. ಅವಳು ಎದ್ದವಳೇ ಕಚೇರಿಗೆ ಹೋಗಿ, ಸ್ವಲ್ಪ ತಿದ್ದಬೇಕು ಎಂದು ಹೇಳಿ ಪುಟಗಳನ್ನು ಎತ್ತಿಕೊಂಡು ಬಂದಿದ್ದಳು. ನಾಳೆ ಹತ್ತಕ್ಕೆ ಅಚ್ಚಿಗೆ ಹೋಗಬೇಕು. ಬೇರೆ ನಾಲ್ಕು ಪುಟ ಒಂದು ದಿನದಲ್ಲಿ ಬರೆಯುವುದು ಅವಳ ಕೈಲಿ ಆಗುವ ಮಾತಲ್ಲ.

ಮೊಳಕೆ ಅಂದರೆ ಮಗಳೇ. ಮೂರು ವರ್ಷದವಳಿದ್ದಾಗ ಅವಳ ನೆತ್ತಿಯಲ್ಲಿ ಎರಡು ಜುಟ್ಟು ಮೊಳಕೆಯೊಡೆದ ಕಾಳಿನ ಹಾಗೆ ನಿಲ್ಲುತ್ತಿದ್ದವು. ಮಗಳು ಬಿದ್ದರೆ ಮೊಳಕೆ ಬಿದ್ದಳು, ಮಗಳು ಹಠ ಮಾಡಿದರೆ ಮೊಳಕೆಯ ಹಠ ಅರ್ಧ ಪುಟವಾಯಿತು. ಮಗಳಿಗೆ ಹನ್ನೆರಡಾದಾಗ ತರಗತಿಯವರು ಮೊಳಕೆ ಹಾಸಿಗೆ ಒದ್ದೆ ಮಾಡಿದ ಪುಟವನ್ನು ಕಪ್ಪುಹಲಗೆಗೆ ಅಂಟಿಸಿದರು. ಅವಳು ಅಳಲಿಲ್ಲ. ಮನೆಗೆ ಬಂದು ಕತ್ತರಿ ತೆಗೆದು ತನ್ನ ಕೂದಲನ್ನು ತಾನೇ ಕತ್ತರಿಸಿಕೊಂಡು, "ಇನ್ನು ನನ್ನ ಬರೀಬೇಡ," ಎಂದಳು. ತಾಯಿ ಕಚೇರಿಗೆ ಹೋಗಿ ಬೀರುವಿನಲ್ಲಿದ್ದ ಮೊಳಕೆಯರನ್ನೆಲ್ಲ ತಂದು ಮಗಳೆದುರೇ ಹರಿದಳು. ಒಂದೂ ಉಳಿದಿಲ್ಲ ಕಣೇ, ನಿನ್ನಾಣೆ, ಎಂದಿದ್ದಳು. ಆಮೇಲೆ ಐದು ವರ್ಷ ಕಾಗೆ, ಆಮೆಗಳನ್ನೇ ಬರೆದಳು.

ಎಷ್ಟಿದ್ದವೆಂದು ಎಣಿಸಿರಲಿಲ್ಲ. ಅದೇ ಅವಳ ತಪ್ಪು.

ಉಳಿದದ್ದಾದರೂ ಯಾವುದು? ಹಾಸಿಗೆ ಒದ್ದೆ ಮಾಡಿದ್ದನ್ನು ಯಾರಾದರೂ ಮರೆತಾರು. ಇದು ಮಗಳಿಗೆ ಏಳು ವರ್ಷವಾಗಿದ್ದಾಗಿನದು. ಅವಳಪ್ಪ ಮನೆ ಬಿಟ್ಟು, ನಾಲ್ಕೇ ಬೀದಿಯಾಚೆ, ದರ್ಜಿ ಅಂಗಡಿಯ ಮೇಲಿನ ಮನೆಯಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ ವರ್ಷ. ಮಗಳು ಶಾಲೆಯಲ್ಲಿ, ನಮ್ಮಪ್ಪ ಹಡಗಿನ ಕ್ಯಾಪ್ಟನ್, ಅಪ್ಪ ಮಲಗಿದಾಗ ಗಿಳಿ ಹಡಗು ನಡೆಸುತ್ತದೆ ಎಂದು ಹೇಳಿಕೊಂಡು ತಿರುಗಿದ್ದಳು. ತಾಯಿ ಅದನ್ನು ನಗುವ ಕತೆ ಮಾಡಿದಳು. ಕೊನೆಯ ಪುಟದಲ್ಲಿ ಮೊಳಕೆ ಸಿಕ್ಕಿಬೀಳುತ್ತಾಳೆ, ಟೀಚರ್ ಕಿವಿ ಹಿಂಡುತ್ತಾರೆ, 'ನಾನು ಸುಳ್ಳು ಹೇಳುವುದಿಲ್ಲ' ಎಂದು ಹಲಗೆಯ ತುಂಬ ಬರೆಯುತ್ತಾಳೆ, ಮಕ್ಕಳೆಲ್ಲ ನಗುತ್ತಾರೆ. ನೀತಿ ಚೆನ್ನಾಗಿದೆ ಎಂದು ಆಗಿನ ಸಂಪಾದಕರು ಮೆಚ್ಚಿದ್ದರು. ಆ ತಿಂಗಳು ಅವಳಿಗೆ ಸುಳ್ಳಿಗೊಂದು ಶಿಕ್ಷೆ ಕೊಡಬೇಕೆನಿಸಿತ್ತು. ಯಾರ ಸುಳ್ಳಿಗೆ ಎಂದು ಯೋಚಿಸಿರಲಿಲ್ಲ. ಕಿವಿ ಮಾತ್ರ ಮಗುವಿನದು ಸಿಕ್ಕಿತ್ತು.

ಬಾಗಿಲ ಬೀಗದಲ್ಲಿ ಕೀಲಿಕೈ ತಿರುಗಿತು. ಒಂದು ಗಂಟೆಯಾಗಿರಲಿಲ್ಲ.

ಗ್ರಂಥಾಲಯದಲ್ಲಿ ಕರೆಂಟಿಲ್ಲ ಎನ್ನುತ್ತ ಮಗಳು ಒಳಗೆ ಬಂದಳು. ಏನು ಬರೆಯುತ್ತಿದ್ದೀ ಎಂದು ಕೂಡ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ತಾಯಿ ಪುಟಗಳ ಮೇಲೆ ದಿನಪತ್ರಿಕೆ ಎಳೆದಳು. ಮಗಳು ಚೀಲವನ್ನೂ ಇಳಿಸದೆ ದಿನಪತ್ರಿಕೆ ಸರಿಸಿದಳು. ನಿಂತಲ್ಲೇ ಓದಿದಳು, ಒಂದನೆಯದು, ಎರಡನೆಯದು. ನಾಲ್ಕನೆಯದನ್ನು ಎರಡು ಸಲ ಓದಿದಳು.

"ಒಂದೂ ಉಳಿದಿಲ್ಲ ಅಂದಿದ್ದೆ."

ತಾಯಿ ನಡೆದದ್ದೆಲ್ಲ ಹೇಳಿದಳು. ಫೋನು, ಕಣ್ಣಿನ ಚಿಕಿತ್ಸೆ, ಬೀರುವಿನ ತಳ. ತನ್ನ ಮಾತು ಕಳ್ಳನಿಗೊಂದು ಪಿಳ್ಳೆ ನೆವ ಎಂಬಂತೆ ತನಗೇ ಕೇಳುತ್ತಿತ್ತು. ಮಗಳು ತಲೆಯೆತ್ತಲಿಲ್ಲ.

"ಹೇಳ್ಬಹುದಿತ್ತಲ್ಲ ನಂಗೆ. ಸುಣ್ಣ ಬಳೀತಾ ಕೂತಿದ್ದೀಯ. ನಾನು ಮನೇಲಿಲ್ಲದಾಗ."

"ಹೆದರಿಕೆ ಆಯ್ತು ಕಣೇ."

"ಯಾರನ್ನ ಕಂಡು? ನನ್ನನ್ನಾ?"

ತಾಯಿ ಕುಂಚವನ್ನು ನೀರಿನಲ್ಲಿ ಅದ್ದಿದಳು. ಲೋಟದ ನೀರು ಹಾಲಿನ ಹಾಗೆ ಬೆಳ್ಳಗಾಯಿತು. ಪುಟ ವಾಪಸು ಕೊಟ್ಟು ಬರುತ್ತೇನೆ, ಅಚ್ಚು ಮಾಡಬೇಡಿ ಅನ್ನುತ್ತೇನೆ, ಕೆಲಸ ಹೋದರೆ ಹೋಗಲಿ ಎಂದಳು. ಅಷ್ಟು ಹೇಳುವಾಗ ಅದು ನಿಜವೇ ಆಗಿತ್ತು.

ಮಗಳು ಚೀಲ ಇಳಿಸಿದಳು. ನಾಲ್ಕನೆಯ ಪುಟವನ್ನು ಮೇಜಿನ ಮೇಲೆ ಹರಡಿ, ಒಂದೊಂದೇ ಚೌಕದ ಮೇಲೆ ಬೆರಳಿಟ್ಟು ಏನನ್ನೋ ಹುಡುಕಿದಳು.

"ಇದರಲ್ಲಿ ನೀನೆಲ್ಲಿ?"

ಫಿಲ್ಲರಿನಲ್ಲಿ ಅಮ್ಮಂದಿರಿಗೆ ಜಾಗ ಎಲ್ಲಿಂದ ಬರಬೇಕು, ಹೆಚ್ಚೆಂದರೆ ಚೌಕದ ಅಂಚಿನಲ್ಲಿ ಲೋಟ ಹಿಡಿದ ಒಂದು ಕೈ, ಅಷ್ಟೇ, ಎಂದು ತಾಯಿ ಹೇಳಿದಳು. ತಮಾಷೆಗೆ ಹೇಳಿದ್ದು. ಮಗಳು ನಗಲಿಲ್ಲ.

"ಟೀಚರ್ ನನ್ನ ಕಿವಿ ಹಿಂಡ್ಲಿಲ್ಲ. ನಿನ್ನ ಕರೆಸಿದ್ರು. ನಾನು ಹೊರಗೆ ಇದ್ದೆ, ಬಾಗಿಲು ಪೂರ್ತಿ ಹಾಕಿರ್ಲಿಲ್ಲ. 'ಹೌದು ಟೀಚರ್, ಹಡಗಲ್ಲೇ ಇದಾರೆ, ಯಾವಾಗ್ಲೋ ಒಂದ್ಸಲ ಬರ್ತಾರೆ' ಅಂದೆ ನೀನು."

ಹತ್ತು ವರ್ಷ ತಾಯಿ ಆ ಮಾತನ್ನು ಯಾರಿಗೂ ಹೇಳಿರಲಿಲ್ಲ. ಮಗಳಿಗಂತೂ ಇಲ್ಲ.

"ಗಿಳೀದೂ ಕೇಳಿದ್ರು," ಎಂದಳು ಮಗಳು.

"ನಾನೇನಂದೆ?"

"ಅದೊಂದು ಸ್ವಲ್ಪ ಜಾಸ್ತಿ ಹೇಳಿದಾಳೆ ಅಂದೆ."

ಇಬ್ಬರಿಗೂ ಒಟ್ಟಿಗೇ ನಗು ಬಂತು. ಆದರೆ ಮಗಳ ನಗು ಬೇಗ ನಿಂತಿತು. ಮೊದಲ ಮೂರು ಪುಟ ಹಾಗೇ ಅಚ್ಚಾಗಲಿ, ಜುಟ್ಟು ವಾಪಸು ಬರೆ, ಬೋಳುತಲೆ ಚೆನ್ನಾಗಿಲ್ಲ ಎಂದಳು. ಆದರೆ ಕೊನೆಯ ಪುಟ ಇದಲ್ಲ. ನಡೆದದ್ದನ್ನು ಬರೆಯುವುದಾದರೆ ಬರೆ, ಇಲ್ಲದಿದ್ದರೆ ಬೇಡ.

ತಾಯಿ ಸಂಪಾದಕರಿಗೆ ಫೋನು ಮಾಡಿ ಕೊನೆ ಬದಲಾಗುತ್ತದೆ ಎಂದಳು. ಹೇಗೆ ಎಂದು ಅವರು ಕೇಳಿ ತಿಳಿದುಕೊಂಡರು. ತಾಯಿಯೇ ಸುಳ್ಳು ಹೇಳುವುದನ್ನು ಮಕ್ಕಳ ಪತ್ರಿಕೆಯಲ್ಲಿ ಹೇಗಮ್ಮ ಹಾಕುವುದು, ನೂರು ಜನ ಪತ್ರ ಬರೆಯುತ್ತಾರೆ ಎಂದರು. ಬರೆಯಲಿ, ಇಲ್ಲದಿದ್ದರೆ ಆ ನಾಲ್ಕು ಪುಟ ಖಾಲಿ ಬಿಡಿ ಎಂದಳು. ಇಪ್ಪತ್ತು ವರ್ಷದಲ್ಲಿ ಸಂಪಾದಕರೊಬ್ಬರೆದುರು ಹಾಗೆ ಮಾತಾಡಿದ್ದು ಇದೇ ಮೊದಲು. ತನ್ನಿ, ನೋಡೋಣ, ಎಂದರು ಅವರು ಕೊನೆಗೆ.

ಹೊಸ ಹಾಳೆ ಹರಡಿ ಚೌಕ ಎಳೆದಳು. ಟೀಚರ್ ಬಂದರು, ಅವರ ಮೇಜು ಬಂತು, ಅರ್ಧ ತೆರೆದ ಬಾಗಿಲು ಬಂತು. ಎದುರಿನ ಕುರ್ಚಿಯಲ್ಲಿ ಕೂರಬೇಕಾದವಳು ಮಾತ್ರ ಬರಲಿಲ್ಲ. ಒಮ್ಮೆ ದಪ್ಪಗಾದಳು, ಒಮ್ಮೆ ಯಾವುದೋ ಜಾಹೀರಾತಿನ ಹೆಂಗಸಾದಳು. ಅಳಿಸಿ ಅಳಿಸಿ ಕಾಗದದ ನಾರು ಎದ್ದಿತು. ತನ್ನನ್ನು ತಾನು ಒಮ್ಮೆಯೂ ಬರೆದವಳಲ್ಲ.

ಮಗಳು ಕುರ್ಚಿ ಎಳೆದು ಕಿಟಕಿಯ ಬೆಳಕಿನಲ್ಲಿ ಹಾಕಿಕೊಂಡಳು. ಬೆನ್ನು ನೆಟ್ಟಗೆ ಮಾಡಿ, ಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಗದ್ದ ಸ್ವಲ್ಪ ಎತ್ತಿ ಕೂತಳು. ಎಡಗಾಲನ್ನು ಬಲಗಾಲಿನ ಹಿಂದೆ ಮರೆಮಾಡಿದಳು.

"ಕಾಲು ಯಾಕೆ ಹಾಗೆ?"

"ನಿನ್ನ ಚಪ್ಪಲಿ ಬಾರು ಕಿತ್ತೋಗಿತ್ತಲ್ಲ. ನೀನು ಪಿನ್ನು ಹಾಕಿದ್ದೆ. ಟೀಚರಿಗೆ ಕಾಣ್ಬಾರ್ದು ಅಂತ ಹೀಗಿಟ್ಕೊಂಡಿದ್ದೆ."

ಅದು ತಾಯಿಗೆ ನೆನಪಿರಲಿಲ್ಲ. ಕಿಟಕಿಯಾಚೆ ಯಾರದೋ ಸೈಕಲ್ಲು ಗಂಟೆ ಬಾರಿಸುತ್ತ ಹೋಯಿತು. ಮಗಳು ಅಲುಗಾಡದೆ, ಎದುರಿಗಿಲ್ಲದ ಟೀಚರನ್ನು ನೋಡುತ್ತ ಕೂತಿದ್ದಳು. ತಾಯಿ ಪೆನ್ಸಿಲು ತೆಗೆದುಕೊಂಡು, ಮುಖವನ್ನು ಆಮೇಲಿಗೆ ಬಿಟ್ಟು, ಆ ಮರೆಯಾದ ಪಾದದಿಂದ ಶುರುಮಾಡಿದಳು.