ಮಂಚಕ್ಕಾಗಿ ಸತ್ತ ಅಮೃತಪ್ಪ

ಸೇಡಂನಿಂದ ಚಿತ್ತಾಪುರಕ್ಕೆ ಹೋಗುವ ಬಂಡಿದಾರಿಯಲ್ಲಿದ್ದ ಭೀಮಬಾಯಿಯ ಸರಾಯಿಯಂಥ ತಂಗುಮನೆ ನಿಜಾಮನ ಇಡೀ ರಾಜ್ಯದಲ್ಲಿ ಇನ್ನೊಂದಿರಲಿಲ್ಲ. ಇದ್ದದ್ದು ಎರಡೇ ಖೋಲಿ, ಆ ಮಾತು ಬೇರೆ. ಒಳಖೋಲಿಯಲ್ಲೊಂದು ಸಾಗವಾನಿ ಮಂಚ. ಅದರ ಮೇಲೆ ಮೈಚಾಚಿದರೆ ಸಾಕು, ಹತ್ತು ವರ್ಷದ ಸೊಂಟನೋವು ಚಪ್ಪಲಿ ಬಿಟ್ಟು ಓಡುತ್ತಿತ್ತು. ವಾಡಿಯ ರೈಲು ತಪ್ಪಿದರೂ ಚಿಂತೆಯಿಲ್ಲ, ಆ ಮಂಚದ ನಿದ್ದೆ ತಪ್ಪಬಾರದು ಎನ್ನುತ್ತಿದ್ದರು ಜನ.

ತೊಗರಿ ವ್ಯಾಪಾರಿ ಅಮೃತಪ್ಪ ಅವತ್ತು ಮಧ್ಯಾಹ್ನ ಅದರ ಮೇಲೆ ಕಣ್ಣು ಮುಚ್ಚಿದ್ದನೋ ಇಲ್ಲವೋ, ಭೀಮಬಾಯಿ ಓಡಿಬಂದಳು.

"ಅಣ್ಣಾ, ಏಳ್ರಿ! ತಾಲೂಕಿನ ಸಾಹೇಬರು ಡೇರೆ ಹಾಕ್ಯಾರ. ಅವರಿಗಿ ಮಲಗಾಕ ಮಂಚ ಬೇಕಂತ, ಜವಾನ ಮೆಹತಾಬ್ ಒಯ್ಯಾಕ ಬರ್ಲಿಕತ್ತಾನ. ಹೋದ ವರ್ಷ ಒಯ್ದ ಹಂಡೆ ಇನ್ನಾ ತಿರುಗಿ ಬಂದಿಲ್ಲ. ಮಂಚ ಹೋತಂದ್ರ ನನ್ನ ಸರಾಯಿಗಿ ನಾಯಿನೂ ಬರಂಗಿಲ್ಲ!"

ಸುಳ್ಳಿನಲ್ಲಿ ಅಮೃತಪ್ಪನನ್ನು ಮೀರಿಸುವವನು ಗೋದಾವರಿಯಿಂದ ಕೃಷ್ಣೆಯ ತನಕ ಹುಟ್ಟಿರಲಿಲ್ಲ.

"ಹೆಣ ಮಲಗಿದ ಮಂಚ ಯಾವ ಸಾಹೇಬ ಮುಟ್ತಾನವ್ವಾ? ನಾ ಸಾಯ್ತೀನಿ, ನೀ ಅಳಾಕ ಚಾಲೂ ಮಾಡು," ಎಂದವನೇ ಹಣೆತುಂಬ ವಿಭೂತಿ ಬಳಿದುಕೊಂಡು ಸೆಟೆದು ಮಲಗಿದ.

ಭೀಮಬಾಯಿ ಅತ್ತ ಅಳುವಿಗೆ ಕಾಗಿಣಾ ಹೊಳೆ ಎರಡು ಗೇಣು ಏರಿತು.

ಮೆಹತಾಬ್ ಬಂದ. ಹಣೆಯ ವಿಭೂತಿ ನೋಡಿದ, ಕೊರಳ ಲಿಂಗದ ಕರಡಿಗೆ ನೋಡಿದ, ಗದ್ದ ಕೆರೆದುಕೊಂಡ.

"ಯಾಕಕ್ಕಾ, ಲಿಂಗವಂತರ ಹೆಣ ಹಿಂಗ ಅಡ್ಡ ಕೆಡವೀರಿ? ನಿಮ್ಮಾಗ ಸತ್ತವರಿಗಿ ಕುಂದ್ರಸ್ತಾರಲ್ಲ? ನಾನೂ ಇದೇ ಊರಾಗ ಹುಟ್ಟಿದವ."

ಸಾಯುವ ಭರದಲ್ಲಿ ಅಮೃತಪ್ಪ ತನ್ನ ಮನೆತನದ ಪದ್ಧತಿಯನ್ನೇ ಮರೆತಿದ್ದ!

ಮೆಹತಾಬ್ ಅವನ ರಟ್ಟೆ ಹಿಡಿದು ಇಳಿಸಿ ಗೋಡೆಗೆ ಆನಿಸಿದ. ಪಾಪ, ಹೆಣ ತಾನೇ ಕಾಲು ಮಡಚಿ ಪದ್ಮಾಸನ ಹಾಕಿತು.

"ಮಂಚ ಖಾಲಿ ಆತು ನೋಡ್ರಿ," ಎಂದು ಮೆಹತಾಬ್ ಒಂದು ಬದಿ ಎತ್ತಿದ. ಆರು ಎತ್ತು ಎಳೆದರೂ ಅಲುಗದ ಮಂಚ ಅದು. ಬೆನ್ನು ಲಟಕ್ಕೆಂದಿತು. ಹೊರಗೆ ಬಂಡೆ ಸಿಡಿಯುವ ಬಿಸಿಲು, ಡೇರೆ ಎರಡು ಹರದಾರಿ ದೂರ. ಒಳಗಿನಿಂದ ಪುಂಡಿಪಲ್ಯದ ವಾಸನೆ. ಅಷ್ಟರಲ್ಲಿ ಹೆಣದ ಹೊಟ್ಟೆ ಗುರ್ರ್ ಎಂದಿತು.

ಮೆಹತಾಬ್ ಮಂಚ ಇಳಿಸಿದ, ಮೀಸೆಯೊಳಗೇ ನಕ್ಕ. "ಆಗ್ಲಿ ಅಕ್ಕಾ. ಹೆಣದ ಮಂಚ ಅಂತ ಸಾಹೇಬರಿಗಿ ಹೇಳ್ತೀನಿ. ಆದ್ರ ನಾ ಸುಳ್ಳ ಹೇಳಾವಲ್ಲ. ಡೇರೆ ಕೀಳೋ ತನಕ, ಅಂದ್ರ ನಾಳಿ ಸಂಜೀತನ, ಇವ್ರು ಸತ್ತೇ ಇರಬೇಕು. ಇವ್ರ ಪಾಲಿನ ರೊಟ್ಟಿ ಹಂಗೇ ಕೆಡ್ತಾವ, ತರ್ರಿ ಇಲ್ಲಿ."

ಭೀಮಬಾಯಿ ಮಂಚ ಉಳಿದ ಖುಷಿಗೆ ಬುಟ್ಟಿಯನ್ನೇ ತಂದಿಟ್ಟಳು. ಏಳು ಖಡಕ್ ರೊಟ್ಟಿ. ಆರು ಹೋದವು. ಹೆಣ ಒಂದು ಕಣ್ಣು ತೆರೆಯಿತು.

"ಒಂದಾದ್ರೂ ಬಿಡೋ ಪುಣ್ಯಾತ್ಮ!"

"ಸತ್ತವರು ಮಾತಾಡಬಾರ್ದ್ರಿ," ಎಂದು ಮೆಹತಾಬ್ ಏಳನೆಯದನ್ನು ಮುರಿದ.