ಅಮೃತವ್ವ ಕೂಸಾದ ಎಪ್ಪತ್ತು ದಿನ

ಅಮೃತವ್ವನಂಥ ದನಿ ಮುಂಡರಗಿ ತಾಲೂಕಿನಲ್ಲಿ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವುದೂ ಇಲ್ಲ. ಹಿರೇವಡ್ಡಟ್ಟಿಯ ತನ್ನ ಹಿತ್ತಲಲ್ಲಿ ನಿಂತು ಆಕೆ ಮಗನನ್ನು ಊಟಕ್ಕೆ ಕರೆದರೆ, ಅಲ್ಲೆಲ್ಲೋ ಗದಗ ಜಿಲ್ಲೆಯ ಇನ್ನೊಂದು ಮೂಲೆಯ ಮಾಗಡಿ ಕೆರೆಯಲ್ಲಿ ಇಳಿದಿದ್ದ ಪರದೇಶದ ಹಕ್ಕಿಗಳು ಗಾಬರಿಯಿಂದ ಎದ್ದು, ತಮ್ಮ ದೇಶದ ಕಡೆ ಅರ್ಧ ದಾರಿ ಹಾರಿ, ಯಾರೂ ಬೆನ್ನು ಹತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ತಿರುಗಿ ಬರುತ್ತಿದ್ದವು. ಅಂಥ ಅಮೃತವ್ವ ಎಂಬತ್ನಾಲ್ಕನೆಯ ವಯಸ್ಸಿನಲ್ಲಿ, ಮೊಮ್ಮಗಳು ಸುಶ್ಮಿತಾ ಹಡೆದು ಮನೆಗೆ ಬಂದ ವಾರದಲ್ಲೇ, ಬಾಯಿ ಮುಚ್ಚಿದಳು. ಊರಿಗೆ ಊರೇ ಬೆಚ್ಚಿತು. ಪಕ್ಕದ ಮನೆಯವರು ಎರಡು ದಿನ ನಿದ್ದೆ ಬಾರದೆ ಹೊರಳಾಡಿದರು.

ನರ್ಸಿಂಗ್ ಮೂರನೆಯ ವರ್ಷದ ಶೈಲಾ ಆ ಮನೆಗೆ ಕಾಲಿಟ್ಟದ್ದು ಇದಾಗಿ ಎರಡು ತಿಂಗಳಿಗೆ. ಗದಗಿನ ಹಾಸ್ಟೆಲಿನಲ್ಲಿ ಓದುತ್ತಿದ್ದ ಮುಳಗುಂದದ ಹುಡುಗಿ. ಆಕೆಗೆ ತನ್ನ ಬುದ್ಧಿಯ ಮೇಲಿದ್ದ ನಂಬಿಕೆಯನ್ನು ತೂಗಲು ಹೋಗಿದ್ದರೆ ಗದಗಿನ ಹತ್ತಿ ಅಡತಿಯ ತಕ್ಕಡಿ ನಡು ಮುರಿದುಕೊಳ್ಳುತ್ತಿತ್ತು. ಕೂಸಿನಿಂದ ಮುಪ್ಪಿನವರೆಗೆ ಮನುಷ್ಯ ಬೆಳೆಯುವ ಹಂತಗಳನ್ನು ಒಂದೇ ಮನೆಯಲ್ಲಿ ನೋಡಿ, ಆರೈಕೆ ಮಾಡಿ, ಫೈಲು ಬರೆಯಬೇಕಿತ್ತು. ಬೇರೆ ಹುಡುಗಿಯರು ಒಂದೊಂದು ವಯಸ್ಸಿಗೆ ಒಂದೊಂದು ಓಣಿ ಸುತ್ತುವಾಗ, ಶೈಲಾಳಿಗೆ ನೀಲಪ್ಪನ ಮನೆಯಲ್ಲಿ ಎಲ್ಲ ವಯಸ್ಸೂ ಸಾಲಾಗಿ ಸಿಕ್ಕವು. ಕೂಸಿನ ಪುಟ ಒಂದೇ ದಿನದಲ್ಲಿ ತುಂಬಿತು: ತೂಕ ಸರಿ, ಕತ್ತು ನಿಲ್ಲುತ್ತಿದೆ, ಮುಖ ನೋಡಿ ನಗುತ್ತದೆ. ಬಾಣಂತಿ ಸುಶ್ಮಿತಾಳ ಪುಟ, ಆಕೆಯ ತಾಯಿ ಸಿದ್ದಲಿಂಗವ್ವನ ಪುಟ, ತಂದೆ ನೀಲಪ್ಪನ ಬಿಪಿ ಎಲ್ಲವೂ ಮುಗಿದವು. ಉಳಿದದ್ದು ನೀಲಪ್ಪನ ತಾಯಿ ಅಮೃತವ್ವ.

ಶೈಲಾ ಆಕೆಯ ಎದುರು ಕೂತು ಇವತ್ತು ಯಾವ ವಾರ ಎಂದು ಕೇಳಿದಳು. ಅಮೃತವ್ವ ಆಕೆಯ ಬಾಯಿಯನ್ನೇ ನೋಡಿದಳು. ಮಕ್ಕಳೆಷ್ಟು ಎಂದು ಕೇಳಿದಳು. ಅದೇ ನೋಟ. ಮೂರು ಬೆರಳು ಎತ್ತಿ ತೋರಿಸಿ ಎಷ್ಟು ಎಂದಳು. ಅಮೃತವ್ವ ಮೂಗು ಮುರಿದು ಗೋಡೆಯ ಕಡೆ ತಿರುಗಿದಳು. ಸಿದ್ದಲಿಂಗವ್ವ ಕಣ್ಣೊರೆಸಿಕೊಳ್ಳುತ್ತ, ಅತ್ತಿ ಪೂರಾ ಕೂಸಾಗ್ಯಾಳ, ಕೂಸಿನಂಗ ಉಣಿಸ್ತೀವಿ, ಕೂಸಿನಂಗ ಎರೀತೀವಿ ಎಂದು ಹೇಳಿಕೊಂಡಳು. ಅದು ಸುಳ್ಳಲ್ಲ. ಬಾಣಂತಿಗೂ ಕೂಸಿಗೂ ನಡೆಯುವ ಉಪಚಾರವೆಲ್ಲ ಅಮೃತವ್ವನಿಗೂ ನಡೆಯುತ್ತಿತ್ತು. ಅದೇ ಬಿಸಿನೀರು, ಅದೇ ಲೋಬಾನದ ಹೊಗೆ, ತಲೆಗೆ ಅಂಥದೇ ಉಣ್ಣೆಯ ಸ್ಕಾರ್ಫು. ಶೈಲಾ ಫೈಲಿನಲ್ಲಿ ದುಂಡಗೆ ಬರೆದಳು: ‘ಮತ್ತೆ ಕೂಸಿನ ಹಂತಕ್ಕೆ ಮರಳಿದ್ದಾರೆ. ಹೇಳಿದ್ದು ಅರ್ಥವಾಗುವುದಿಲ್ಲ. ಕೂಸನ್ನು ಇವರ ಕೈಗೆ ಕೊಡಬಾರದು.’ ಕಿವಿ ಎಂಬ ಸಾಲಿನ ಎದುರು ‘ಸರಿ ಇವೆ’ ಎಂದು ಬರೆದು ಕೆಳಗೆ ಗೆರೆಯನ್ನೂ ಎಳೆದಳು. ಸ್ಕಾರ್ಫು ಬಿಚ್ಚಿ ನೋಡಿರಲಿಲ್ಲ. ಎಲ್ಲರಿಗೂ ಇರುವಂತೆ ಎರಡಿದ್ದವು, ಸಾಕೆನಿಸಿತ್ತು.

ನೀಲಪ್ಪ ಬಿಳಿ ಕೋಟು ಹಾಕಿದವರು ಬರೆದದ್ದನ್ನು ಶಾಸನವೆಂದು ನಂಬುವ ಮನುಷ್ಯ. ಆ ಮನೆಯಲ್ಲಿ ಮೂರನೆಯ ತಿಂಗಳಿಗೆ ಕೂಸನ್ನು ತೊಟ್ಟಿಲಿಗೆ ಹಾಕುವ ಪದ್ಧತಿ. ಎಲ್ಲರಿಗಿಂತ ಹಿರಿಯ ಹೆಣ್ಣುಮಗಳೇ ಹಾಕಬೇಕು. ಸುಶ್ಮಿತಾಳನ್ನು ಹಾಕಿದ ಕೈ ಅಮೃತವ್ವನದೇ. ಈ ಸಲ ಶುಕ್ರವಾರಕ್ಕೆ ಮುಹೂರ್ತವಿತ್ತು. ನೀಲಪ್ಪ ಶೈಲಾಳ ಸಾಲನ್ನು ಎರಡು ಸಲ ಓದಿಸಿಕೊಂಡು, ಸಿದ್ದಲಿಂಗವ್ವನೇ ಹಾಕಲಿ ಎಂದು ತೀರ್ಮಾನಿಸಿದ. ಅವತ್ತೇ ಕೂಸನ್ನು ಅಮೃತವ್ವನ ತೊಡೆಯಿಂದ ಎತ್ತಿಕೊಂಡರು. ಆಕೆ ಯಾರನ್ನೂ ತಡೆಯಲಿಲ್ಲ. ಆಮೇಲೆ ಹೊತ್ತು ಸಿಕ್ಕಾಗೆಲ್ಲ ಹೋಗಿ, ಶುಕ್ರವಾರಕ್ಕೆಂದು ಕಟ್ಟಿದ್ದ ಖಾಲಿ ತೊಟ್ಟಿಲು ತೂಗುತ್ತಿದ್ದಳು. ನೋಡ್ರಿ, ಕೂಸಿಲ್ಲದ್ದೂ ತಿಳಿಯುವುದಿಲ್ಲ ಎಂದು ಮನೆಯವರು ಮರುಗಿದರು. ಶೈಲಾ ಅದನ್ನೂ ಬರೆದುಕೊಂಡಳು.

ಬುಧವಾರ ಮುಂಜಾನೆ ಶೈಲಾಳ ಟ್ಯೂಟರ್ ದಿಲಶಾದಬಿ ಫೈಲು ನೋಡಲು ಬಂದರು. ಮೂವತ್ತು ವರ್ಷ ವಾರ್ಡಿನಲ್ಲಿ ಸವೆದ ಹೆಂಗಸು. ಅವರ ಚಪ್ಪಲಿಯ ಸಪ್ಪಳ ಕೇಳಿದರೆ ರೋಗಿಗಳ ಜ್ವರ ತಾನಾಗಿ ಒಂದು ಡಿಗ್ರಿ ಇಳಿಯುತ್ತದೆಂದು ಹುಡುಗಿಯರು ಆಣೆ ಮಾಡಿ ಹೇಳುತ್ತಿದ್ದರು. ಪುಟ ತಿರುವಿ, ಅಮೃತವ್ವನನ್ನು ಒಂದು ಗಳಿಗೆ ನೋಡಿ, ಆಕೆಯ ಬೆನ್ನ ಹಿಂದೆ ಹೋಗಿ ಹಿತ್ತಾಳೆಯ ತಂಬಿಗೆಯನ್ನು ಕೈಬಿಟ್ಟರು. ನೀಲಪ್ಪ ಹಾರಿಬಿದ್ದ. ಅಮೃತವ್ವ ಅಲ್ಲಾಡಲಿಲ್ಲ.

“ಶೈಲಾ, ಕಿವಿ ಸರಿ ಅದಾವು ಅಂತ ಬರದೀ. ಯಾವಾಗ ನೋಡಿದಿ?”

ಶೈಲಾ ಸ್ಕಾರ್ಫಿನ ಕಡೆ ನೋಡಿದಳು. ದಿಲಶಾದಬಿ ಟಾರ್ಚನ್ನೂ ಚಿಮಟವನ್ನೂ ಆಕೆಯ ಕೈಗಿಟ್ಟು, ಕಣ್ಣಿಗೆ ಕಂಡದ್ದನ್ನಷ್ಟೇ ಹಿಡಿ, ಒಳಗೆ ಚುಚ್ಚಬೇಡ ಎಂದರು. ಸ್ಕಾರ್ಫು ಬಿಚ್ಚಿ ಬಲಗಿವಿಗೆ ಶೈಲಾ ಬೆಳಕು ಹಾಕಿದಳು. ಕಿವಿಯಲ್ಲಿ ತೂತೇ ಇರಲಿಲ್ಲ. ಎಣ್ಣೆ ಕುಡಿದು ಕರ್ರಗಾದ ಒಂದು ಬಿರಡೆ ಇತ್ತು.

ಹಿಡಿದು ಮೆಲ್ಲಗೆ ಎಳೆದಳು. ಹತ್ತಿ ಬಂತು. ಅದರ ಹಿಂದೆ ಇನ್ನೊಂದು ಬಂತು. ಮತ್ತೊಂದು. ಎರಡು ಕಿವಿಯದು ಸೇರಿದರೆ ಕೂಸಿಗೆ ಒಂದು ಗಾದಿ, ಎರಡು ದಿಂಬು ಹೊಲಿಸಿ, ಉಳಿದದ್ದನ್ನು ಸಂತೆಗೆ ಕಳಿಸಬಹುದಿತ್ತು. ಮನೆಯವರು ಒಬ್ಬರ ಮುಖ ಒಬ್ಬರು ನೋಡಿದರು. ಆಗ ಹೊರಬಿತ್ತು ಸಂಗತಿ. ಕೂಸಿಗೆ ಎರೆಯಲು ಬರುವ ಮರಿಯವ್ವ ಮುಂಜಾನೆ ಬೆಚ್ಚನೆಯ ಬೆಳ್ಳುಳ್ಳಿ ಎಣ್ಣೆ ಬಿಟ್ಟು, ಥಂಡಿ ಹೊಗದಿರಲೆಂದು ಬಾಣಂತಿಯ ಕಿವಿಗೆ ಹತ್ತಿ ಇಡುವಾಗ ಮುದುಕಿಗೂ ಇಡುತ್ತಿದ್ದಳು. ಮರಿಯವ್ವ ಮರೆತಿರಬೇಕೆಂದು ಸಿದ್ದಲಿಂಗವ್ವ ಸಂಜೆ ಇಡುತ್ತಿದ್ದಳು. ಹೆಂಗಸರಿಗೆ ಬಾಣಂತಿಯದೇ ಗದ್ದಲ, ಅವ್ವನನ್ನು ಯಾರು ನೋಡುತ್ತಾರೆಂದು ನೀಲಪ್ಪ ಮಲಗುವ ಮುಂಚೆ ಕದ್ದು ಇಡುತ್ತಿದ್ದ. ಹಳೆಯದು ಕಾಣದಿದ್ದರೆ ಬಿದ್ದುಹೋಗಿದೆ ಎಂದುಕೊಂಡು ಮೂವರೂ ಹೊಸದನ್ನು ಒತ್ತುತ್ತಿದ್ದರು. ಎಪ್ಪತ್ತು ದಿನ ಮೂರು ಕೈಗಳ ಪ್ರೀತಿ ಆ ಎರಡು ಕಿವಿಗಳಲ್ಲಿ ಕೂತಿತ್ತು.

ಸಿದ್ದಲಿಂಗವ್ವ ಹತ್ತಿಯ ಗುಡ್ಡೆಯ ಪಕ್ಕ ಕೂತು ಒಂದೊಂದೇ ಉಂಡೆ ಎಣಿಸತೊಡಗಿದಳು. ಒಳಕೋಣೆಯಲ್ಲಿ ಕೂಸು ಅಳತೊಡಗಿದ್ದೂ ಯಾರ ಗಮನಕ್ಕೂ ಬರಲಿಲ್ಲ.

“ಕೂಸು ಅಳಾಕತ್ತೈತಿ. ನೀವೆಲ್ಲಾ ಕಿವುಡರೇನ?” ಎಂದಳು ಅಮೃತವ್ವ.

ಎಪ್ಪತ್ತು ದಿನ ಕೂಡಿಟ್ಟ ದನಿ. ಮಾಳಿಗೆಯ ಮಣ್ಣು ಉದುರಿತು. ಆದರೆ ಎಲ್ಲರಿಗಿಂತ ಹೆಚ್ಚು ಬೆಚ್ಚಿದವಳು ಆಕೆಯೇ. ತನ್ನ ದನಿಗೆ ತಾನೇ ಕಿವಿಗೆ ಕೈ ಹಚ್ಚಿದಳು.

“ಯವ್ವಾ,” ಎಂದ ನೀಲಪ್ಪ, “ಇಷ್ಟು ದಿನ ಯಾಕ ಮಾತಾಡಲಿಲ್ಲ?”

“ನೀವು ಬಿಟ್ಟ್ರಿ, ನಾನೂ ಬಿಟ್ಟೆ. ಬಾಣಂತಿ ಅಂಟಿನುಂಡಿಗೆ ಅಂಟು ಕಡಿಮಿ ಹಾಕೀರಿ ಅಂತ ಸೊಸಿಗೆ ಒಂದು ಮಾತು ಅಂದೆ. ಅವತ್ತಿಂದ ಮನಿಯವರೆಲ್ಲಾ ಸುಮ್ಮ ಬಾಯಿ ಆಡಿಸ್ತೀರಿ, ದನಿ ತಗಿಯಂಗಿಲ್ಲ. ಎಂಬತ್ನಾಕು ವರ್ಷದಾಕಿ ನಾ ಯಾಕ ಮೊದಲ ಮಾತಾಡ್ಲಿ? ಈ ಬಿಳಿ ಕೋಟಿನ ಹುಡುಗಿಗೂ ಕಲಿಸಿಟ್ಟೀರಿ. ನನ್ನ ಮುಂದ ಬಂದು ಕುಂತು ಬಾಯಿ ಆಡಿಸಿ, ಬೆರಳು ತೋರಿಸಿ ಅಣಕಿಸ್ತು.”

ಮುಖ ತಿರುಗಿಸಿದ್ದು, ಖಾಲಿ ತೊಟ್ಟಿಲು ತೂಗಿದ್ದು, ಶೈಲಾ ಬರೆದ ಒಂದೊಂದೂ ತಿರುಗಿ ಬಂದು ಆಕೆಯ ಎದುರಿಗೆ ನಿಂತಿತು. ಆಕೆ ಫೈಲನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದಳು. ಅಮೃತವ್ವನ ಕಣ್ಣು ತಪ್ಪಿಸುವುದಾಗಲಿಲ್ಲ.

“ಅದರಾಗ ನಂದು ಬರದೀಯಲ್ಲ? ಓದು. ಈಗ ಕೇಳಸ್ತೈತಿ.”

ಶೈಲಾ ದಿಲಶಾದಬಿಯ ಕಡೆ ನೋಡಿದಳು. ಅವರು ತಂಬಿಗೆ ಎತ್ತಿಡುವ ನೆಪದಲ್ಲಿ ಬಗ್ಗಿದ್ದರು. ಓದಿದಳು. ಕೂಸಿನ ಹಂತಕ್ಕೆ ಮರಳಿದ್ದಾರೆ, ಹೇಳಿದ್ದು ಅರ್ಥವಾಗುವುದಿಲ್ಲ. ಕೊನೆಯ ಸಾಲಿನ ಮೇಲೆ ಬೆರಳು ಇಟ್ಟುಕೊಂಡಳು.

“ಮುಂದ ಓದು.”

“ಕೂಸನ್ನು ಇವರ ಕೈಗೆ ಕೊಡಬಾರದು.”

ಅಮೃತವ್ವ ಖಾಲಿ ತೊಟ್ಟಿಲಿನ ಕಡೆ ನೋಡಿದಳು.

“ಹಂಗಾರ ಕೂಸನ್ನ ನಾ ಸಿಟ್ಟಾಗೇನಿ ಅಂತ ಕಸಗೊಂಡಿದ್ದಲ್ಲ,” ಎಂದಳು ಮೆತ್ತಗೆ. “ಹೋಗು. ನೀನ ತಗೊಂಬಾ.”

ಶೈಲಾ ಒಳಗೆ ಹೋದಳು. ಸುಶ್ಮಿತಾ ಅಳುತ್ತಲೇ ಕೂಸನ್ನು ಕೊಟ್ಟಳು. ಪರೀಕ್ಷೆಯಲ್ಲಿ ಕೂಸು ಎತ್ತುವ ವಿಧಾನಕ್ಕೆ ಪೂರ್ತಿ ಅಂಕ ತೆಗೆದ ಕೈಗಳು ಹೊಸ್ತಿಲು ದಾಟುವಾಗ ತಡವರಿಸಿದವು. ಅಮೃತವ್ವ ಕೈ ಚಾಚಿದಳು. ಒಂದು ಅಂಗೈ ತಾನಾಗಿ ಕತ್ತಿನ ಕೆಳಗೆ ಹೋಯಿತು, ಇನ್ನೊಂದು ಕುಂಡೆಗೆ; ಪುಸ್ತಕದ ಚಿತ್ರವನ್ನು ಈ ಕೈ ನೋಡಿಯೇ ಬರೆದಿರಬೇಕು. ಕೂಸು ಅಳು ನಿಲ್ಲಿಸಿತು. ಆಕೆ ಅದರ ಕುಲಾವಿ ಸರಿಸಿ ಎರಡೂ ಕಿವಿ ಹಣಿಕಿ ನೋಡಿ, ಅಲ್ಲಿದ್ದ ಸಣ್ಣ ಹತ್ತಿಯನ್ನು ಉಗುರಿನಿಂದ ತೆಗೆದು ಸಿದ್ದಲಿಂಗವ್ವನ ಉಡಿಗೆ ಹಾಕಿದಳು.

ಒಳಗಿನ ಗುಗ್ಗೆ ತೆಗೆಸಲು ಗುರುವಾರ ಮುಂಡರಗಿಯ ಡಾಕ್ಟರ ಬಳಿ ಹೋಗಿಬಂದರು. ಶುಕ್ರವಾರ ಕೂಸನ್ನು ಅಮೃತವ್ವನೇ ತೊಟ್ಟಿಲಿಗೆ ಹಾಕಿ ಹೆಸರು ಕೂಗಿದಳು, ಗವಿಸಿದ್ದೇಶ ಎಂದು. ಮಾಗಡಿ ಕೆರೆಯ ಹಕ್ಕಿಗಳು ಆ ವರ್ಷ ಒಂದು ತಿಂಗಳು ಮೊದಲೇ ಗಂಟು ಕಟ್ಟಿದವು. ಶೈಲಾ ತೊಟ್ಟಿಲಿನ ಪಕ್ಕದಲ್ಲಿ ನಿಂತಿದ್ದಳು. ಫೈಲಿನ ಹಳೆಯ ಪುಟ ಹರಿಯಲು ದಿಲಶಾದಬಿ ಬಿಟ್ಟಿರಲಿಲ್ಲ. ಅದರ ಕೆಳಗೇ ಹೊಸದನ್ನು ಬರೆಯಬೇಕಿತ್ತು. ಅಮೃತವ್ವ ಆಕೆಯ ಮುಖದ ಮುಂದೆ ಮೂರು ಬೆರಳು ಎತ್ತಿ ಹಿಡಿದಳು.

“ಎಷ್ಟು?”

“ಮೂರು, ಅಜ್ಜಿ.”

“ಶಾಣ್ಯಾಕಿ. ಬರ್ಕೋ.”